ಜಪಾನಿನಲ್ಲೂ ನರಿಗೆ ಮದುವೆ

ಸ್ವೀಡನ್ನಿನ ಮೋಲ್ನ್‌ಡಾಲ್‌ನ ನಮ್ಮ ಲ್ಯಾಬಿನಲ್ಲಿದ್ದ ಜಪಾನಿ ಗೆಳತಿ ಒಂದು ಡಿವಿಡಿ ಕೊಟ್ಟಿದ್ದಳು. ನಿರ್ದೇಶಕರು ತಾವು ಕಂಡ ಕನಸುಗಳನ್ನೇ ಕಥೆಗಳಾಗಿಸಿದ ಸಿನಿಮಾ. ಬೆಂಗಳೂರಿನಿಂದ ಬಂದಿದ್ದ ಅಮ್ಮನ ಜೊತೆ ನೋಡಲು ಕೂತೆ. ಮಾತು ಜಪಾನಿ, ಕೆಳಗೆ ಸ್ವೀಡಿಷ್ ಅಕ್ಷರ; ಅಮ್ಮನಿಗೆ ಎರಡೂ ಬಾರದು. ಮೊದಲ ಕನಸಿನಲ್ಲಿ ಬಿಸಿಲಿರುವಾಗಲೇ ಮಳೆ ಸುರಿಯಿತು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಮ್ಮ, "ಈಗ ನರಿ ಮದುವೆ ಆಗತ್ತೆ ನೋಡು" ಅಂದರು. ನಿಜಕ್ಕೂ ಕಾಡಿನ ಮಂಜಿನೊಳಗಿಂದ ನರಿಗಳ ದಿಬ್ಬಣ ಬಂತು!

ಮರುದಿನ ಫೀಕಾ ಎಂಬ ಇಲ್ಲಿನ ಬಿಡುವಿನ ಹೊತ್ತಿಗೆ ಕಾಫಿ ಕುಡಿಯುತ್ತಾ ಗೆಳತಿಗೆ ಇದನ್ನು ಹೇಳಿದೆ.

"ನಿಮ್ಮಲ್ಲಿ ನರಿ ಯಾರನ್ನು ಮದುವೆಯಾಗುತ್ತೆ?" ಎಂದಳು.

"ಕಾಗೆಯನ್ನ."

"ಕಾಗೆಯನ್ನಾ? ಯಾಕೆ?"

ಸಂಜೆ ಅಮ್ಮನನ್ನು ಅದನ್ನೇ ಕೇಳಿದೆ.

"ನಾನೂ ಯಾರನ್ನೂ ಕೇಳಿಲ್ಲ ಕಣೆ," ಎಂದರು ಅಮ್ಮ. "ಅವಳನ್ನ ಊಟಕ್ಕೆ ಕರಿ, ಮೂವರೂ ಕೂತು ಯೋಚಿಸೋಣ."