ಅಣ್ಣನಿಗೆ ಎಂದಿನಿಂದ ಕೇಳಿಸುವುದಿಲ್ಲ

ನಮ್ಮಣ್ಣ ಬಸಪ್ಪನಿಗೆ ಬರಬೇಕಾಗಿದ್ದ ಪರಿಹಾರ ತಪ್ಪಿಸಿದವಳು ನಾನು. ಮಿಲ್ಲಿನವರಲ್ಲ, ಡಾಕ್ಟರಲ್ಲ — ನಾನು, ಅವನ ಬೆನ್ನಿಗೆ ಹುಟ್ಟಿದ ತಂಗಿ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಎಂಬತ್ತೈದರ ಸುಮಾರಿನ ಮಾತು, ಈಗ್ಗೆ ಹನ್ನೆರಡು-ಹದಿಮೂರು ವರ್ಷವಾಯಿತು. ಅಣ್ಣ ರಾಣೆಬೆನ್ನೂರಿನ ಹತ್ತಿ ಮಿಲ್ಲೊಂದರಲ್ಲಿ ಯಂತ್ರದ ಪಕ್ಕವೇ ನಿಂತು ದುಡಿದು ದುಡಿದು ಕಿವಿ ಕಳೆದುಕೊಂಡಿದ್ದ. ಮಿಲ್ಲಿಗೆ ಸೇರಿದ ಮೇಲೆಯೇ ಕಿವಿ ಹೋದದ್ದು ಎಂದು ಡಾಕ್ಟರು ಬರೆದುಕೊಟ್ಟರೆ ಪರಿಹಾರ ಸಿಗುತ್ತದೆಂದು ತಿಳಿದವರು ಹೇಳಿದ್ದರು. ಸಿಕ್ಕರೆ ಮೊದಲು ಕಿವಿಗೆ ಮಷೀನು. ಅವನ ಮಗಳು ಗಿರಿಜಾ ಆಗಷ್ಟೇ ತೊದಲು ಮಾತು ಕಲಿಯುತ್ತಿದ್ದಳು. ಅದನ್ನು ಕೇಳಬೇಕು ಎಂಬುದೊಂದೇ ಅವನ ಆಸೆ.

ಹಾವೇರಿಯ ಆಸ್ಪತ್ರೆಗೆ ಅವನ ಜೊತೆ ನಾನೇ ಹೋದೆ. ಡಾಕ್ಟರು ನಗುಮುಖದ ಮನುಷ್ಯ. ಅಣ್ಣನಿಗೆ ಎಂದಿನಿಂದ ಕೇಳಿಸುವುದಿಲ್ಲ ಎಂದು ನನ್ನನ್ನು ಕೇಳಿದರು.

ನಮ್ಮ ಮನೆಯಲ್ಲಿ ಅಣ್ಣನನ್ನು ಚಿಕ್ಕಂದಿನಿಂದಲೂ ಕಿವುಡ ಎಂದೇ ಚಾಷ್ಟಿ ಮಾಡುತ್ತಿದ್ದೆವು. ನೀರು ತಾ ಎಂದು ಅವ್ವ ಕೂಗಿದರೆ ಅವನಿಗೆ ಕೇಳಿಸದು. ಹೋಳಿಗೆ ಎಂದು ಪಿಸುಗುಟ್ಟಿದರೆ ಮೂರು ಮನೆ ಆಚೆಯಿಂದ ಓಡಿಬರುತ್ತಿದ್ದ. ಆ ರೂಢಿಯ ನಾಲಿಗೆ —

“ಹುಟ್ಟಾ ಕಿವುಡ್ರೀ ಇಂವಾ,” ಎಂದುಬಿಟ್ಟೆ. “ಹೋಳಿಗಿ ಅಂದ್ರ ಅಷ್ಟ ಕೇಳಸ್ತೈತಿ.”

ಡಾಕ್ಟರು ನಕ್ಕರು. ಏನೂ ಕೇಳಿಸದ ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ನಗುನಗುತ್ತಲೇ ಅವರು ಬರೆದುಕೊಂಡರು. ನಾವು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ-ಮಂಡಕ್ಕಿ ತಿಂದು ಖುಷಿಯಿಂದ ಊರಿಗೆ ಬಂದೆವು.

ಕೆಲವು ತಿಂಗಳ ಮೇಲೆ ಪರಿಹಾರದ ಅರ್ಜಿಗೆ ಉತ್ತರ ಬಂತು. ಕಿವುಡು ಹುಟ್ಟಿನಿಂದ ಇದ್ದದ್ದು, ಮಿಲ್ಲಿಗೆ ಸಂಬಂಧವಿಲ್ಲ. ಹೀಗೆ ಯಾರು ಹೇಳಿದರು ಎಂದು ಅಣ್ಣ ನನ್ನನ್ನೇ ಕೇಳಿದ. ಅವನ ಕಿವಿಗೆ ಬಾಯಿಟ್ಟು ಕೂಗಿದೆ — “ಡಾಕ್ಟರ್ ತಾವ ಬರ್ಕೊಂಡಾರ.”

ಮರುದಿನವೇ ಹಾವೇರಿಗೆ ಹೋಗಿ, ಅದು ಚಾಷ್ಟಿಯ ಮಾತಾಗಿತ್ತು ಎಂದು ಹೇಳಿದ್ದರೆ... ಹೋಗಲಿಲ್ಲ. ಮೊದಲು ಆಡಿದ್ದು ಬಾಯಿತಪ್ಪಿನ ಮಾತು. ಆಮೇಲೆ ಕೂಗಿದ್ದು ಸುಳ್ಳು.

ಅಣ್ಣ ಮುಖ ಸಣ್ಣ ಮಾಡಲಿಲ್ಲ. ಮಗಳ ಬೆನ್ನ ಮೇಲೆ ಅಂಗೈ ಇಟ್ಟು, ಅವಳು ಮಾತಾಡಿದಂತೆಲ್ಲ ತಲೆಯಾಡಿಸಿ ನಗುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನಾನು — ಇರಲಿ. ಕಿವುಡನಿಗೆ ಗುಟ್ಟು ಹೇಗೆ ಹೇಳುವುದು, ಓಣಿಗೆಲ್ಲ ಕೇಳುವಂತೆ ಕೂಗಬೇಕಲ್ಲ ಎಂದು ನೆಪ ಹಿಡಿದಿದ್ದೆ. ಬರೆದು ತೋರಿಸಬಹುದಿತ್ತು. ನಾಲ್ಕನೇ ಇಯತ್ತೆ ಕಲಿತವಳು ನಾನು. ಅಷ್ಟು ಅಕ್ಷರ ಸಾಕಾಗುತ್ತಿತ್ತು.

ಮೊನ್ನೆ ರಾಣೆಬೆನ್ನೂರಿನ ಶಿಬಿರವೊಂದರಲ್ಲಿ ಅಣ್ಣನಿಗೆ ಮಷೀನು ಸಿಕ್ಕಿತು. ಸುದ್ದಿ ತಿಳಿದು, ನಾನೀಗ ಇರುವ ಬ್ಯಾಡಗಿಯಿಂದ ಓಡಿಹೋದೆ. ಮನೆಯಲ್ಲಿ ಹಬ್ಬ! ಅಣ್ಣ ತಾಟು ಬಡಿದು ಕೇಳುತ್ತಾನೆ, ಒಗ್ಗರಣೆಯ ಸಾಸಿವೆ ಸಿಡಿದರೆ ಒಲೆಯ ಹತ್ತಿರ ಓಡುತ್ತಾನೆ. ಹೈಸ್ಕೂಲಿಗೆ ಹೋಗುವ ಗಿರಿಜಾ ‘ಅಪ್ಪಾ’ ಎಂದಳು. ಇನ್ನೊಮ್ಮೆ ಅನ್ನು ಎಂದ. ಅನ್ನಿಸಿದ, ಅನ್ನಿಸಿದ, ಕಡೆಗೆ ಅವಳು ಸಾಕಾಯಿತೆಂದು ಬೈದಾಗ ಅದನ್ನೂ ಇನ್ನೊಮ್ಮೆ ಅನ್ನಿಸಿದ. ನಕ್ಕು ನಕ್ಕು ನಮ್ಮೆಲ್ಲರ ಹೊಟ್ಟೆ ನೋಯಿತು.

ಹೊರಡುವಾಗ ನಾನು ರೂಢಿಯಂತೆ ಕೂಗಿ, ಹೋಗಿಬರುತ್ತೇನೆ ಎಂದೆ. ಅಣ್ಣ ಕಿವಿ ಮುಚ್ಚಿಕೊಂಡ.

“ಮೆಲ್ಲಕ ಹೇಳ ತಂಗಿ,” ಎಂದ ನಗುತ್ತ. “ಇನ್ನ ನಿಂದೆಲ್ಲಾ ಕೇಳಸ್ತೈತಿ.”

ಬರುವ ಸೋಮವಾರ ಹೋಗುತ್ತೇನೆ. ಹೋಳಿಗೆ ಮಾಡಿಕೊಂಡು ಹೋಗುವುದಿಲ್ಲ — ಲಂಚ ಕೊಟ್ಟಂತಾದೀತು. ಗಿರಿಜಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೇ ಹೇಳುತ್ತೇನೆ.