ಕಡಲಹುಲ್ಲು ಎಣಿಸುವ ಜರ್ಟ್ರೂಡ್

ಶುಕ್ರವಾರ ಬೆಳಗಿನ ಐದೂವರೆ. ದೋಹಾದಿಂದ ಒಂದು ಗಂಟೆ ದೂರದ ಕೊಲ್ಲಿಯಲ್ಲಿ ಸೊಂಟಮಟ್ಟ ನೀರಿಗಿಳಿದ ಜರ್ಟ್ರೂಡ್ ಮಥಾಯಸ್, ಈಜುಗನ್ನಡಕದ ಗಾಜಿಗೆ ಎಂಜಲು ಸವರಿ ತೊಳೆದು ಮುಖಕ್ಕೆ ಬಿಗಿದುಕೊಳ್ಳುತ್ತಾರೆ. ದಡದಲ್ಲಿ ಗಂಡ ಬೊನವೆಂಚರ್ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದಾರೆ. ಅವರಿಗೆ ಈಜು ಬಾರದು. ನಲವತ್ತು ನಿಮಿಷಕ್ಕೆ ಸೀಟಿ ಊದುವುದಷ್ಟೇ ಅವರ ಕೆಲಸ.

ನೀರಿನಡಿ ಹಸಿರು ಹುಲ್ಲುಗಾವಲು. ಗುರುತು ಹಾಕಿದ ಹತ್ತು ಚೌಕಗಳಲ್ಲಿ ಎಸಳು ಎಣಿಸಿ, ವಿಡಿಯೊ ತೆಗೆದು ಜರ್ಟ್ರೂಡ್ ಮೇಲೆ ಬರುತ್ತಾರೆ. ಆರು ವರ್ಷದಿಂದ ಇದೇ ಅವರ ಶುಕ್ರವಾರ.

ಐವತ್ತೆರಡರ ಇವರು ಹಮದ್ ಬಂದರಿನ ಬಳಿ ಶಿಪ್ಪಿಂಗ್ ಕಚೇರಿಯೊಂದರಲ್ಲಿ ಗುಮಾಸ್ತೆ. ಮನೆ ಅಲ್ ಮನ್ಸೂರಾದಲ್ಲಿ. ಹುಟ್ಟಿದ್ದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ, ಹೊಳೆಬದಿಯಲ್ಲೇ. ಆದರೆ ಈಜು ಕಲಿತದ್ದು ನಲವತ್ತನಾಲ್ಕರಲ್ಲಿ, ದೋಹಾದ ಈಜುಕೊಳದಲ್ಲಿ. "ಊರಲ್ಲಿ ಮರುವಾಯಿ ಚಿಪ್ಪು ಹೆಕ್ಕಲಿಕ್ಕೆ ಮೊಣಕಾಲಿನವರೆಗೆ ಇಳಿಯುತ್ತಿದ್ದೆವು. ಅದರಾಚೆ ಕಾಲಿಟ್ಟರೆ ಅಮ್ಮ ಬೊಬ್ಬೆ ಹೊಡೆಯುತ್ತಿದ್ದರು. ಹುಡುಗಿಯರಿಗೆ ಈಜು ಯಾಕೆ ಅಂತ!"

ಎಣಿಸುವ ಕ್ರಮ ಕಲಿಸಿದ್ದು ಮೈಸೂರಿನ ಸಹನಾ, ಇಲ್ಲಿ ಕಡಲಜೀವಿಗಳ ಸಂಶೋಧಕಿ. "ನನ್ನ ಲೆಕ್ಕಗಳೆಲ್ಲ ನಿಂತಿರೋದು ಆಂಟಿಯ ವಿಡಿಯೊಗಳ ಮೇಲೆ" ಅನ್ನುತ್ತಾರೆ ಅವರು.

ನಾಲ್ಕು ವರ್ಷದ ಹಿಂದೆ ಒಂದು ರಜೆಯ ಮರುದಿನ ಜರ್ಟ್ರೂಡ್ ಮುಳುಗಿದಾಗ ಮೂರು ಚೌಕ ಬೋಳಾಗಿದ್ದವು. ಮೋಜಿಗೆ ಬಂದ ದೋಣಿಗಳ ಲಂಗರು ಹುಲ್ಲನ್ನು ಬೇರುಸಮೇತ ಕಿತ್ತಿತ್ತು. ದಡಕ್ಕೆ ಬಂದು ಗಂಡನೆದುರು ಅತ್ತರು. "ಖಲಾಸ್, ಇನ್ನು ಬರುವುದಿಲ್ಲ ಅಂದೆ. ಇವರು ಕೇಳಿದರು, 'ನೀನೂ ಬಿಟ್ಟರೆ ಇಲ್ಲಿ ಹುಲ್ಲಿತ್ತು ಅಂತ ಹೇಳುವವರು ಯಾರು?' ಮುಂದಿನ ಶುಕ್ರವಾರ ನಾನು ಏಳುವ ಮೊದಲೇ ಇವರು ಕಾರಿನಲ್ಲಿ ಕೂತಾಗಿತ್ತು."

ಕಳೆದ ವರ್ಷ ದೋಣಿ ಮಾಲೀಕರ ಜತೆ ಸಭೆ. ಹುಲ್ಲಲ್ಲವೇ, ಮತ್ತೆ ಬೆಳೆಯುತ್ತದೆ ಎಂದರು ಅವರು. ಸಹನಾ ಹನ್ನೊಂದು ನಿಮಿಷದ ವಿಡಿಯೊ ಹಾಕಿದರು: ಅದೇ ಮೂರು ಚೌಕ, ಮೂರು ವರ್ಷ, ಬರಿ ಮರಳು. ಕೊನೆಗೆ ಮುದುಕ ನಾವಿಕನೊಬ್ಬ ಎದ್ದು, "ಹಾಗಾದರೆ ದೋಣಿ ಎಲ್ಲಿ ನಿಲ್ಲಿಸಲಿ, ತೋರಿಸು ತಾಯಿ" ಅಂದ. ಈಗ ಕೊಲ್ಲಿಯಲ್ಲಿ ತಳಕ್ಕೆ ಬಿಗಿದ ಎಂಟು ತೇಲುಬುರುಡೆಗಳಿವೆ. ದೋಣಿಗಳನ್ನು ಅವಕ್ಕೇ ಕಟ್ಟುತ್ತಾರೆ, ಲಂಗರು ಇಳಿಯುವುದಿಲ್ಲ.

ಈ ಜನವರಿಯಲ್ಲಿ, ಈ ಹುಲ್ಲನ್ನೇ ತಿಂದು ಬದುಕುವ ಕಡಲಹಸುವೊಂದು (ಡುಗಾಂಗ್) ಮರಿಯೊಡನೆ ಮೇಯಲು ಬಂದಿತ್ತು. ವಿಡಿಯೊ? ಜರ್ಟ್ರೂಡ್ ನಾಚಿ ನಗುತ್ತಾರೆ. "ಬಟನ್ ಒತ್ತಲಿಕ್ಕೇ ಮರೆತೆ ಮಾರಾಯ್ರೆ. ಮರಿ ತಾಯಿಯ ಬೆನ್ನಿಗೆ ಅಂಟಿಕೊಂಡು ಹೋಗುವುದನ್ನು ನೋಡುತ್ತಾ ಉಳಿದೆ."

ಬರುವ ವರ್ಷ ಕೆಲಸ ಮುಗಿಸಿ ಗಂಡ ಹೆಂಡತಿ ಊರಿಗೆ ಹೊರಡುತ್ತಾರೆ. ಪತ್ರಿಕೆಯಲ್ಲಿ ಏನು ಬರೆಯಲಿ ಎಂದರೆ, ಒದ್ದೆ ಕೂದಲು ಹಿಂಡುತ್ತಾ ಹೇಳುತ್ತಾರೆ:

"ನನ್ನ ವಿಷಯ ಹೆಚ್ಚು ಬೇಡ. ಬೋಳಾದ ಚೌಕದಲ್ಲಿ ಇವತ್ತು ನಾಲ್ಕು ಎಸಳು ಉಂಟು. ಅದನ್ನು ಬರೆಯಿರಿ."