ಓದನು ಅಂದರೆ ಎಲ್ಲಿಗೆ?

ಮಗಳಿಗೆ ಮನೆಯಲ್ಲೇ ಪಾಠ ಮಾಡ್ತಿರೋದು ನಿಮಗೆಲ್ಲ ಗೊತ್ತಲ್ಲ ಸ್ನೇಹಿತರೇ. ಇವತ್ತು ಅವಳನ್ನ ಕರ್ಕೊಂಡು ಗುಂಡ್ಲುಪೇಟೆಗೆ ವ್ಯಾಕರಣದ ಪುಸ್ತಕ ತರೋಕೆ ಹೋಗಿದ್ದೆ.

"ಏಳನೇ ಕ್ಲಾಸಿನ ವಯಸ್ಸು, ಏಳನೇದೇ ತಗೊಳಿ" ಅಂದ್ರು ಅಂಗಡಿಯವರು.

ಅಲ್ಲೇ ಒಂದು ಪುಟ ತೆಗೆದು ಮಗಳನ್ನ ಕೇಳಿದೆ, "'ಅವನು ಓದನು' ಅಂದ್ರೇನಮ್ಮಿ?"

"ಎಲ್ಗೋ ಓದ ಅಂತ ಕಣವ್ವ."

ಪುಸ್ತಕದಲ್ಲಿ ಅದಕ್ಕೆ 'ಅವನು ಓದುವುದಿಲ್ಲ' ಅಂತ ಅರ್ಥ ಕೊಟ್ಟಿತ್ತು. ಇವಳ ಬಾಯಿಗೆ 'ಹ' ಬರೋ ತನಕ ಏಳನೇದು ಬೇಡ ಅಂತ ಐದನೇದು ಎತ್ಕೊಂಡೆ.

"ಜನ ಏನಂತಾರೆ ಮೇಡಂ?"

"ಅನ್ಲಿ. ಐದನೇದೇ ಕೊಡಿ."

ಹೊರಗೆ ಬರ್ತಿದ್ದಂಗೆ ಮಗಳು, "ಅವ್ವ, ನಮ್ ತೆರಕಣಾಂಬಿ ಬಸ್ ಓಯ್ತಾದೆ" ಅಂದ್ಲು.

"'ಹೋಗ್ತಿದೆ' ಅನ್ನು" ಅಂತ ಅಲ್ಲೇ ನಿಲ್ಲಿಸಿ, ಸರಿಯಾಗಿ ಹೇಳೋ ತನಕ ಬಿಡಲಿಲ್ಲ. ಅಷ್ಟರಲ್ಲಿ ಬಸ್ ಓಗ್ಬುಟ್ಟಿತ್ತು.